ಐದು ನಿಮಿಷದ ಅಲಂಕಾರ

ಅಕ್ಕ ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ತನ್ನ ಮೈದುನನನ್ನು ನಾನು ಮದುವೆಯಾಗಬೇಕು ಎಂಬುದು ಅವಳ ಆಸೆ. ನೆಲಮಂಗಲದಿಂದ ಅವರ ಮನೆಯವರೆಲ್ಲ ಹೂವು ಹಣ್ಣು ಹಿಡಿದು ದೇವನಹಳ್ಳಿ ಪಕ್ಕದ ನಮ್ಮೂರಿಗೆ ಬಂದು ಕೂತಿದ್ದಾಗ ನಾನು ಎಲ್ಲರೆದುರಿಗೇ ಬೇಡವೆಂದುಬಿಟ್ಟೆ. ಆ ಹುಡುಗನಲ್ಲಿ ಕೊರತೆಯೇನೂ ಇರಲಿಲ್ಲ. ವಿಮಾನ ನಿಲ್ದಾಣದ ಬಟ್ಟೆ ಅಂಗಡಿಯೊಂದರಲ್ಲಿ ನನಗೆ ಆಗತಾನೇ ಕೆಲಸ ಸಿಕ್ಕಿತ್ತು, ಅದನ್ನು ಬಿಡಲು ಮನಸ್ಸಿರಲಿಲ್ಲ ಅಷ್ಟೆ. ಹಿಂದಿನ ದಿನವೇ ಅಕ್ಕನಿಗೆ ಹೇಳಬಹುದಿತ್ತು. ಹೇಳಲಿಲ್ಲ.

"ನಮ್ಮತ್ತೆ ಮುಂದೆ ನನ್ನ ಮುಖಕ್ಕೆ ಮಸಿ ಬಳಿದ್ಬಿಟ್ಟೆ ಕಣೆ," ಎಂದು ಹೊರಟವಳು ಮತ್ತೆ ಫೋನು ಮಾಡಲಿಲ್ಲ. ನಾನು ಮಾಡಿದರೆ ಎತ್ತಲೂ ಇಲ್ಲ.

ಅವಳ ಮಗಳು ಮಾತ್ರ ರಜೆಗೆ ಬರುತ್ತಿದ್ದಳು. ಅಕ್ಕ ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಗಳನ್ನು ಅಮ್ಮನ ಕೈಗೆ ಕೊಟ್ಟು, ಅಲ್ಲಿಂದಲೇ ಹಿಂದಿರುಗುತ್ತಿದ್ದಳು. ಮಗುವಿಗೆ ಹನ್ನೊಂದು ತುಂಬಿದ ವರ್ಷ, ದಸರಾ ರಜೆಯಲ್ಲಿ, ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟಳು. ಆಟದಲ್ಲಿ ಒಂದು ದೊಡ್ಡ ಕೋಣೆ, ತುಂಬ ಬಟ್ಟೆಬರೆ. ಎಲ್ಲೆಲ್ಲಿಂದಲೋ ಹತ್ತು ಹನ್ನೆರಡು ಜನ ಬಂದು ಸೇರುತ್ತಾರೆ. ಒಂದು ವಿಷಯ ಕೊಡುತ್ತಾರೆ. ಐದು ನಿಮಿಷದಲ್ಲಿ ಅದಕ್ಕೆ ತಕ್ಕಂತೆ ನಮ್ಮ ಗೊಂಬೆಯನ್ನು ಸಿಂಗರಿಸಬೇಕು. ಆಮೇಲೆ ಗೊಂಬೆಗಳು ಒಂದೊಂದಾಗಿ ವೇದಿಕೆ ಮೇಲೆ ನಡೆಯುತ್ತವೆ, ಉಳಿದವರು ಸ್ಟಾರ್ ಕೊಡುತ್ತಾರೆ.

ದಿನವಿಡೀ ಬಟ್ಟೆ ಮಾರುವವಳು ನಾನು, ಇದೇನು ಮಹಾ ಎಂದುಕೊಂಡೆ. ಮೊದಲ ಸಲ 'ಕಡಲ ತೀರ' ಬಂತು. ಒಂದು ಲಂಗ ಆರಿಸುವಷ್ಟರಲ್ಲಿ ಹೊತ್ತು ಮುಗಿದು, ನನ್ನ ಗೊಂಬೆ ತಲೆಯಲ್ಲಿ ಒಂದೆಳೆ ಕೂದಲಿಲ್ಲದೆ ವೇದಿಕೆ ಹತ್ತಿತು.

"ಅಯ್ಯೋ ಚಿಕ್ಕಿ, ಬೋಳುತಲೇಲಿ ಬಂದ್ಬಿಟ್ಟೆ!" ಮಗು ಚಾಪೆಯ ಮೇಲೆ ಉರುಳಾಡಿ ನಕ್ಕಳು. ಆಮೇಲೆ ಮೇಷ್ಟರ ಹಾಗೆ ಕೂತು ಪಾಠ ಶುರುಮಾಡಿದಳು. "ಬಟ್ಟೆ ಹುಡುಕ್ತಾ ಯೋಚ್ನೆ ಮಾಡ್ಬಾರ್ದು. ಯೋಚ್ನೆ ಮಾಡ್ಬಿಟ್ಟು ಹುಡುಕ್ಬೇಕು. ಮೊದ್ಲು ಕೂದ್ಲು, ಅದಕ್ಕೇ ಜಾಸ್ತಿ ಹೊತ್ತು ಹಿಡಿಯೋದು. ಎರಡೇ ಬಣ್ಣ ತಗೋ, ಮೂರನೇದಕ್ಕೆ ಹೋಗ್ಬೇಡ. ಕೊನೇ ಅರ್ಧ ನಿಮಿಷ ಬಟ್ಟೆ ಮುಟ್ಲೇಬೇಡ, ಹೆಂಗೆ ನಿಂತ್ಕೋಬೇಕು ಅಂತ ನೋಡ್ಕೋ."

ಯಾವ ಸಾಮಾನು ಎಲ್ಲಿದೆ ಎಂದು ತಿಳಿಯಲು, ಗಡುವಿಲ್ಲದೆ ಆಡುವ ಖಾಲಿ ಕೋಣೆಯಲ್ಲಿ ನನ್ನನ್ನು ಒಂದು ಮಧ್ಯಾಹ್ನ ಪೂರ್ತಿ ಸುತ್ತಾಡಿಸಿದಳು. ಇನ್ನೊಂದು ಮಾತನ್ನೂ ಹೇಳಿದಳು: "ನೀನು ಗೆಲ್ಬೇಕು ಅಂತ ಚೆನ್ನಾಗಿರೋರ್ಗೆ ಕಮ್ಮಿ ಸ್ಟಾರ್ ಕೊಡ್ಬೇಡ ಚಿಕ್ಕಿ. ಅದು ಮೋಸ."

ರಜೆ ಮುಗಿಸಿ ಹೋದ ಮೇಲೂ ಭಾನುವಾರ ನಾಲ್ಕು ಗಂಟೆಗೆ ಆಟ ಮುಂದುವರಿಯಿತು. ನಾನು ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದಿರುತ್ತಿದ್ದೆ. ಅವಳು ಆಡುತ್ತಿದ್ದದ್ದು ಅಕ್ಕನ ಫೋನಿನಲ್ಲಿ. ನಡುವೆ ನನಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಅವುಗಳ ಹಿಂದೆ ಕುಕ್ಕರ್ ಕೂಗುತ್ತಿತ್ತು, ಒಮ್ಮೊಮ್ಮೆ, "ಸಾಕು ಇಡೇ ಫೋನು, ಕಣ್ಣು ಹೋಗ್ತವೆ," ಎಂಬ ಅಕ್ಕನ ದನಿ ಕೇಳಿಸುತ್ತಿತ್ತು. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಮೆಸೇಜುಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ಮಗು ಏನು ಹೇಳುತ್ತಿದ್ದಾಳೆಂಬುದರ ಕಡೆಗೆ ಗಮನವೇ ಇರುತ್ತಿರಲಿಲ್ಲ.

ಒಂದು ಭಾನುವಾರ ಮಗುವಿನ ಗೊಂಬೆ ಕೋಣೆಗೆ ಬಂತು, ಆದರೆ ಎಂದಿನಂತೆ ಪರದೆಯ ಮೇಲೆ 'ಹಾಯ್ ಚಿಕ್ಕಿ' ಎಂದು ಬರೆಯಲಿಲ್ಲ. ಬಂದ ವಿಷಯ 'ಶಾಲೆಯ ಮೊದಲ ದಿನ'. ಗೊಂಬೆ ಎಲ್ಲವನ್ನೂ ತಪ್ಪುತಪ್ಪಾಗಿ ಮಾಡುತ್ತಿತ್ತು. ಗೋಡೆಗೆ ಡಿಕ್ಕಿ ಹೊಡೆಯಿತು, ಬೂಟುಗಳ ಮುಂದೆ ಸುಮ್ಮನೆ ನಿಂತಿತು. ಕೊನೆಗೆ ವೇದಿಕೆ ಹತ್ತಿದಾಗ ಅದಕ್ಕೆ ಎರಡು ಜಡೆ, ಒಂದಕ್ಕೆ ಕೆಂಪು ಟೇಪು, ಇನ್ನೊಂದಕ್ಕೆ ಬಿಳಿ.

ನಾನು ಶಾಲೆಗೆ ಸೇರಿದ ದಿನ ಅಕ್ಕನ ಕೆಂಪು ಟೇಪೇ ಬೇಕೆಂದು ಹಟ ಹಿಡಿದಿದ್ದೆ. ಅವಳು ಬಾಗಿಲಲ್ಲೇ ತನ್ನದೊಂದನ್ನು ಬಿಚ್ಚಿ ನನಗೆ ಕಟ್ಟಿ, ನನ್ನ ಬಿಳಿಯದನ್ನು ತಾನು ಕಟ್ಟಿಕೊಂಡಿದ್ದಳು. ಆ ದಿನವೆಲ್ಲ ಇಬ್ಬರ ತಲೆಯಲ್ಲೂ ಒಂದು ಕೆಂಪು, ಒಂದು ಬಿಳಿ.

ನಾನು ಐದೂ ಸ್ಟಾರ್ ಒತ್ತಿದೆ. ಆದರೂ ಆ ಗೊಂಬೆಗೆ ಕೊನೆಯ ಸ್ಥಾನ ಬಂತು. 'ಅಕ್ಕಾ?' ಎಂದು ಬರೆದೆ. ಸ್ವಲ್ಪ ಹೊತ್ತು ನಿಂತಿದ್ದ ಗೊಂಬೆ ಕೋಣೆಯಿಂದ ಮಾಯವಾಯಿತು.

ಯಾಕಾದರೂ ಕೇಳಿದೆನೋ ಎಂದು ವಾರವಿಡೀ ಕೊರಗಿದೆ. ಮುಂದಿನ ಭಾನುವಾರ ಅದು ಮತ್ತೆ ಬಂದಾಗ ಏನನ್ನೂ ಕೇಳಲಿಲ್ಲ. 'ಮೊದ್ಲು ಕೂದ್ಲು' ಎಂದಷ್ಟೇ ಬರೆದೆ. ಗೊಂಬೆ ನಿಧಾನವಾಗಿ ತಿರುಗಿ ಕೂದಲಿನ ಕಡೆಗೆ ನಡೆಯಿತು.

ಮಗುವಿಗೆ ಭಾನುವಾರವೂ ಟ್ಯೂಷನ್ ಶುರುವಾಗಿತ್ತು, ಅವಳು ಹೋದ ಹೊತ್ತಿನಲ್ಲಿ ಅಕ್ಕನೂ ನಾನೂ ಹೀಗೇ ಎಷ್ಟೋ ವಾರ ಆಡಿದೆವು. 'ಎರಡೇ ಬಣ್ಣ', 'ಸಾಕು, ಇನ್ನು ಮುಟ್ಬೇಡ' ಎಂದು ನಾನು ಬರೆಯುತ್ತಿದ್ದೆ, ಅಕ್ಕ ಹಾಗೇ ಮಾಡುತ್ತಿದ್ದಳು. ಒಂದು ದಿನ ಅವಳ ಗೊಂಬೆಗೆ ಮೂರನೇ ಸ್ಥಾನ ಬಂತು. 'ಹೆಂಗೆ?' ಎಂದು ಬರೆದಳು. ನಾನು ಜೋರಾಗಿ ನಕ್ಕುಬಿಟ್ಟೆ. ಹಸುವಿಗೆ ಹುಲ್ಲು ಹಾಕುತ್ತಿದ್ದ ಅಮ್ಮ ತಿರುಗಿ ನೋಡಿದರು. ಅಷ್ಟರಲ್ಲಿ ಫೋನು ರಿಂಗಾಯಿತು.

"ಆ ಕೂದ್ಲಿಗೆ ಬಣ್ಣ ಬದಲಾಯ್ಸೋದು ಎಲ್ಲೈತೆ, ಹೇಳೇ." ನಾಲ್ಕು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು.

ಹೇಳಿದೆ. ಅವಳು ಫೋನಿಡದೆ ಕೇಳಿದಳು:

"ಏನ್ ಸಾರು ಇವತ್ತು?"

"ಬಸ್ಸಾರು."

"ಅಮ್ಮ ಮಾಡಿದ್ದಾ? ನಂಗೆ ಇಲ್ಲಿ ಆ ರುಚಿ ಬರಲ್ಲ ಕಣೆ."

"ಅಕ್ಕ, ಅವತ್ತು ನಿಂಗೆ ಮೊದ್ಲೇ ಹೇಳ್ಬೇಕಿತ್ತು ನಾನು."

"ಹೂಂ. ಹೇಳ್ಬೇಕಿತ್ತು," ಎಂದಳು. ಮೂಗು ಎಳೆದುಕೊಂಡ ಸದ್ದು ಕೇಳಿಸಿತು. "ನಮ್ಮತ್ತೆ ಬಂದ್ರು, ಇಡ್ತೀನಿ."

ಮುಂದೆ ಬಂದ ಯುಗಾದಿಗೆ ಅಕ್ಕ ಬಸ್ ಸ್ಟ್ಯಾಂಡಿನಿಂದ ಹಿಂದಿರುಗದೆ ಮಗಳ ಜೊತೆ ಮನೆಗೇ ಬಂದಳು. ಎರಡು ದಿನ ಇದ್ದಳು. ಹೊರಡುವಾಗ ನನ್ನ ಯೂನಿಫಾರ್ಮಿನ ಸಡಿಲ ಗುಂಡಿಯನ್ನು ಹೊಲಿದುಕೊಟ್ಟು ಹೋದಳು.

ಈಗ ಮಗು ಹೈಸ್ಕೂಲು ಸೇರಿದ್ದಾಳೆ, ಆಟದ ಹೆಸರೆತ್ತಿದರೆ ಅದು ಚಿಕ್ಕ ಮಕ್ಕಳದು ಎನ್ನುತ್ತಾಳೆ. ಫೋನಿನಲ್ಲಿ ಜಾಗ ಸಾಲದೆಂದು ಅಕ್ಕನೂ ಅದನ್ನು ತೆಗೆದುಹಾಕಿದಳು. ಫೋನಿನಲ್ಲಿ ಮಾತಾಡುತ್ತೇವೆ. ಆದರೆ ಮಾತು ನನ್ನ ಮದುವೆಗೋ ಅವಳ ಅತ್ತೆಗೋ ತಿರುಗಿ, ಇಬ್ಬರೂ ಎಚ್ಚರಿಕೆಯಿಂದ ಮುಗಿಸುತ್ತೇವೆ. ಒಂದು ಮಾತೂ ಆಡದೆ ಜೊತೆಗಿದ್ದ ಆ ಭಾನುವಾರಗಳಲ್ಲಿ ಅವಳು ಇದಕ್ಕಿಂತ ಹತ್ತಿರವಿದ್ದಳು. ನೆಲಮಂಗಲ ದೂರವೇನಲ್ಲ, ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸಿದರೆ ಆಯಿತು. ಆದರೂ ಕೆಲಸ ಮುಗಿಸಿ ಬಂದು ಬಚ್ಚಲಲ್ಲಿ ಕಾಲು ತೊಳೆಯುವಾಗ, ಒಳಗೆ ಅಮ್ಮನ ಪಕ್ಕದಲ್ಲಿ ಅವಳೂ ಕೂತಿರಬೇಕಿತ್ತು ಅನಿಸುತ್ತದೆ.