ಮಲ್ಲಿಗೆ ತೋಟದಲ್ಲಿ ನನ್ನ ಅಸಹಕಾರ ಚಳವಳಿ

ಮಿಸ್ಡ್ ಕಾಲಿನಲ್ಲೇ ಜನ ಸಂಸಾರ ನಡೆಸುತ್ತಿದ್ದ ಕಾಲ ಅದು. ಏಳನೇ ಕ್ಲಾಸು ಮುಗಿಸಿ ಭಟ್ಕಳದ ಹತ್ತಿರದ ಅಜ್ಜಿಮನೆಗೆ ಹೋಗಿದ್ದೆ. ಅಲ್ಲಿ ಮನೆ ಸುತ್ತ ಮಲ್ಲಿಗೆ ಗಿಡ. ಬಿಸಿಲು ಏರುವ ಮೊದಲೇ ಮೊಗ್ಗು ಕೊಯ್ಯಬೇಕು. ಅರಳಿದ್ದನ್ನು ಹೂವಿನ ರಿಕ್ಷಾದವನು ಮುಟ್ಟುವುದಿಲ್ಲ. ಹಾಗಾಗಿ ನಾನೂ, ಅಮ್ಮನ ತಂಗಿ ಚಿಕ್ಕಿಯೂ ಐದೂವರೆಗೇ ತೋಟದಲ್ಲಿ. ಗುಡ್ಡದ ಮೇಲೆ ಆಕಾಶ ಮೊದಲು ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ, ಆಮೇಲೆ ಕೋಕಂ ಶರಬತ್ತಿನ ಹಾಗೆ. ಚಿಕ್ಕಿ ಎಲ್ಲ ಬಣ್ಣಕ್ಕೂ ತಿನ್ನುವ ಹೆಸರೇ ಇಡುತ್ತಿದ್ದಳು.

ಅಷ್ಟರಲ್ಲಿ ಅವಳನ್ನು ನೋಡಲು ಕುಮಟೆಯಿಂದ ಗಂಡಿನ ಕಡೆಯವರು ಬರುವುದು ಗೊತ್ತಾಯಿತು. ಅಜ್ಜಿ ಅವತ್ತೇ ಅವಳನ್ನು ಒಳಗೆ ಕೂರಿಸಿದಳು. ಸೂರ್ಯನೇ ಹುಟ್ಟಿರುವುದಿಲ್ಲವಲ್ಲ ಎಂದು ಚಿಕ್ಕಿ ವಾದಿಸಿ ಸೋತಳು. ಆಕಾಶ ಕೆಂಪಾದರೂ ಸಾಕು, ಮುಖ ಕಪ್ಪಾಗುತ್ತದೆ ಎಂಬುದು ಅಜ್ಜಿಯ ವಿಜ್ಞಾನ. ಬಚ್ಚಲಿಗೆ ಹೋಗಲೂ ಕೊಡೆ. ಮುಖಕ್ಕೆ ದಿನಾ ಕಡಲೆಹಿಟ್ಟು, ಮೊಸರು. ಹತ್ತಿರ ಹೋದರೆ ಇನ್ನೇನು ಎಣ್ಣೆಗೆ ಬಿಡಬೇಕಾದ ಬಜ್ಜಿಯ ವಾಸನೆ.

ನಾನಾಗ ಪಂಚಾಯ್ತಿ ಲೈಬ್ರರಿಯ ರಟ್ಟು ಹರಿದ ಪುಸ್ತಕವೊಂದನ್ನು ಓದುತ್ತಿದ್ದೆ. ಬಿಳಿಯರು ಹಡಗಿನಲ್ಲಿ ಬಂದದ್ದು, ದೇಶ ದೇಶ ನುಂಗಿದ್ದು, ಕಪ್ಪು ಚರ್ಮದವರು ಕೀಳು ಅಂತ ರೈಲಿನ ಡಬ್ಬಿಯನ್ನೂ ಬೇರೆ ಮಾಡಿದ್ದು. ರಕ್ತ ಕುದಿಯಿತು. ಆದರೆ ಬೈಯಲು ಹತ್ತಿರದಲ್ಲಿ ಬ್ರಿಟಿಷರು ಯಾರೂ ಇರಲಿಲ್ಲ. ಅಜ್ಜಿ ಇದ್ದಳು.

"ಅಜ್ಜಿ, ನೀನು ಮಾಡೂದು ವರ್ಣಭೇದ" ಅಂದೆ.

ಅಜ್ಜಿ ಬಾಳೆನಾರು ಸೀಳುತ್ತ, "ಎಂತದಾರೂ ಆಗ್ಲಿ, ಮದ್ವೆ ಆತು ಅಂದ್ರೆ ಸಾಕು" ಅಂದಳು.

ನೀನೂ ಕಪ್ಪೇ ಅಲ್ಲವಾ ಎಂದು ಕೇಳಿಯೂಬಿಟ್ಟೆ.

"ಅದ್ಕೇ ಹೇಳೂದು ಮಗಾ. ನನ್ನ ನೋಡುಕೆ ಬಂದವ್ರು ಚಾ ಸಹ ಕುಡೀದೇ ಎದ್ದು ಹೋದ್ರು. ಒಂದಲ್ಲ, ಮೂರು ಮನೆಯವ್ರು."

ಆದರೂ ಚಿಕ್ಕಿಯನ್ನು ಬಿಡಿಸಲೇಬೇಕಿತ್ತಲ್ಲ. ಮರುದಿನ ಬಾವಿಕಟ್ಟೆ ಮೇಲೆ ಕೈಕಟ್ಟಿ ಕೂತೆ. ಚಿಕ್ಕಿ ಹೊರಗೆ ಬರುವವರೆಗೆ ಒಂದು ಮೊಗ್ಗೂ ಕೊಯ್ಯುವುದಿಲ್ಲ ಎಂದು ಸಾರಿದೆ. ಅಜ್ಜಿ ಮಂಡಿ ಹಿಡಿದುಕೊಂಡು ಒಬ್ಬಳೇ ಕೊಯ್ಯತೊಡಗಿದಳು. ಆಕಾಶ ಹಲಸಿನ ತೊಳೆಯ ಬಣ್ಣಕ್ಕೆ ಬಂತು. ಒಂದೆರಡು ಮೊಗ್ಗು ತುಟಿ ಬಿರಿದವು. ಸಾಮ್ರಾಜ್ಯ ಇನ್ನೇನು ಬಿತ್ತು ಅಂದುಕೊಂಡೆ.

ಬಾಗಿಲು ತೆರೆದು ಚಿಕ್ಕಿ ಓಡಿ ಬಂದಳು, ಮುಖದ ಕಡಲೆಹಿಟ್ಟು ಬಿರುಕು ಬಿಟ್ಟುಕೊಂಡು. ನಾನು ವಿಜಯೋತ್ಸವಕ್ಕೆ ಎದ್ದು ನಿಂತರೆ ಬೆನ್ನಿಗೊಂದು ಬಿತ್ತು.

"ಮೊಗ್ಗು ಒಡೀತದೆ ಅಲ್ಲಿ, ನೀ ಎಂತ ಇಲ್ಲಿ ಪೂಜೆಗೆ ಕೂತ್ಕಂಡಿದ್ಯಾ? ಬುಟ್ಟಿ ಹಿಡಿ."

ಅಜ್ಜಿ ಒಳಗೆ ಹೋಗಿ ಕೊಡೆ ತಂದಳು. ಚಿಕ್ಕಿ ಸಾಲಿನಿಂದ ಸಾಲಿಗೆ, ಹಿಂದೆ ಹಿಂದೆ ಕೊಡೆ. ಕೊನೆಗೆ ಚಿಕ್ಕಿ ತಿರುಗಿ, "ಅಮ್ಮ, ಕೊಡೆ ಹಿಡಿದ್ರೆ ಕೊಯ್ಯುಕೆ ಕೈ ಯಾವ್ದು?" ಅಂದಳು. ಅಜ್ಜಿ ಮೊಗ್ಗನ್ನು ನೋಡಿದಳು, ಆಕಾಶವನ್ನು ನೋಡಿದಳು, ಕೊಡೆ ಮಡಚಿದಳು. ಮರುದಿನದಿಂದ ಚಿಕ್ಕಿಯನ್ನು ಯಾರೂ ತಡೆಯಲಿಲ್ಲ. ಕುಮಟೆಯ ಸಂಬಂಧವೂ ಕುದುರಿತು. ಅದು ಕಡಲೆಹಿಟ್ಟಿನ ಮಹಿಮೆ ಎಂದು ಅಜ್ಜಿ ಸಾಯುವವರೆಗೂ ಹೇಳಿದಳು.

ಈಗ ವಸಾಹತುಶಾಹಿ ಅಂದರೆ ಸಾಕು, ಒಂದು ತಾಸು ಮಾತಾಡಬಲ್ಲೆ. ಮೊನ್ನೆ ಮುರ್ಡೇಶ್ವರ ಸ್ಟೇಷನ್ನಿನಲ್ಲಿ ಬೆಳಗಿನ ಆಕಾಶ ಚೆಂದ ಕಂಡು ಸೆಲ್ಫಿ ತೆಗೆದೆ. ಫೋನು ತನ್ನಷ್ಟಕ್ಕೆ ನನ್ನ ಮುಖವನ್ನು ಬೆಳ್ಳಗೆ ಮಾಡಿತ್ತು. ಆ ಬಿಳುಪಿನ ಸೆಟ್ಟಿಂಗ್ ಆಫ್ ಮಾಡಿ ಇನ್ನೊಂದು ತೆಗೆದೆ. ಎರಡನ್ನೂ ನೋಡಿದೆ. ಮೊದಲನೆಯದನ್ನೇ ಸ್ಟೇಟಸ್ಸಿಗೆ ಹಾಕಿದೆ. ಒಂದೇ ಪುಸ್ತಕ ಓದಿದ್ದಾಗ ಅಜ್ಜಿಯ ಎದುರು ಕೂತವಳು ನಾನು. ಇಷ್ಟೆಲ್ಲ ಓದಿಕೊಂಡ ಮೇಲೆ ಒಂದು ಫೋನಿಗೆ ಎದುರಾಡಲು ಆಗಲಿಲ್ಲ.