ಮೀನು ಬೇಯದ ಮನೆ

ವಯಸ್ಸಾದಂತೆ ಮನುಷ್ಯನ ಇಂದ್ರಿಯಗಳು ಒಂದೊಂದಾಗಿ ರಜೆ ಕೇಳುತ್ತವೆ. ನನ್ನ ಕಣ್ಣು ಕನ್ನಡಕದ ಹಿಂದೆ ಕುಳಿತು ಅರ್ಧ ದಿನದ ಕೆಲಸ ಮಾಡುತ್ತದೆ. ಕಿವಿ ತನಗೆ ಬೇಕಾದದ್ದನ್ನಷ್ಟೇ ಕೇಳಿಸಿಕೊಳ್ಳುವ ಸ್ವಾತಂತ್ರ್ಯ ಪಡೆದಿದೆ. ಆದರೆ ನನ್ನ ಹೆಂಡತಿಯ ಮೂಗಿಗೆ ಇನ್ನೂ ನಿವೃತ್ತಿ ಬಂದಿಲ್ಲ. ಮೂರನೆಯ ಮನೆಯಲ್ಲಿ ಹಾಲು ಉಕ್ಕಿದರೆ ಆಕೆಗೆ ಗೊತ್ತಾಗುತ್ತದೆ. ವೈದ್ಯರ ಆಣತಿ ಮೀರಿ ನಾನು ಸ್ಟೇಷನ್ ರಸ್ತೆಯಲ್ಲಿ ಮಿರ್ಚಿ ಭಜಿ ತಿಂದು ಬಂದದ್ದು ಹೊಸ್ತಿಲು ದಾಟುವ ಮೊದಲೇ ಗೊತ್ತಾಗುತ್ತದೆ. ಹೆತ್ತವರು ಕಸ್ತೂರಿ ಎಂದು ಹೆಸರಿಟ್ಟದ್ದು ಪರಿಮಳ ಬೀರಲಿ ಎಂದಿರಬೇಕು. ಆಕೆ ಅದನ್ನು ವಾಸನೆ ಹಿಡಿಯುವ ಹುದ್ದೆ ಎಂದೇ ತಿಳಿದಳು.

ನಮ್ಮ ಮನೆ ಇರುವುದು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ, ಒಂದು ಕಾಲಕ್ಕೆ ಮಗ್ಗದ ಸಪ್ಪಳದಿಂದಲೇ ಬೆಳಗಾಗುತ್ತಿದ್ದ ಓಣಿಯಲ್ಲಿ. ನಮ್ಮ ಹಿರಿಯರು ಸೀರೆ ನೇಯ್ದರು, ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿದೆ; ಹಳೆಯ ಎಳೆಗಳನ್ನು ಜೋಡಿಸಿ ಹೊಟ್ಟೆ ಹೊರೆಯುವುದು ಹೀಗೆ ವಂಶಪಾರಂಪರ್ಯವಾಗಿ ನಡೆದುಬಂತು. ಮಾಳಿಗೆಯ ಮೇಲೊಂದು ಖೋಲಿಯಿದೆ. ಅದನ್ನು ಬಾಡಿಗೆಗೆ ಕೊಡುವಾಗ ಕಸ್ತೂರಿಯದು ಒಂದೇ ಕರಾರು: ಒಲೆಯ ಮೇಲೆ ಮಾಂಸ, ಮೀನು ಏರಬಾರದು. ಗದಗಿನ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಬಂದ ಸುಜಾತಾ ಈ ಕರಾರಿಗೆ ಮರುಮಾತಿಲ್ಲದೆ ಒಪ್ಪಿಕೊಂಡಳು. ಅವಳ ಊರು ಆಂಧ್ರದ ಅಂಚಿನಲ್ಲಿ, ಪುಲಿಕಾಟ್ ಎಂಬ ಉಪ್ಪುನೀರಿನ ಹಿನ್ನೀರಿಗೂ ಸಮುದ್ರಕ್ಕೂ ನಡುವೆ ಚಾಚಿದ ಮರಳದಿಣ್ಣೆಯ ಮೇಲೆ. ಮನೆಯವರೆಲ್ಲ ಮೀನು ಹಿಡಿಯುವವರು. ಇದ್ದಷ್ಟು ವರ್ಷವೂ ಅವಳು ನಮ್ಮ ಸೂರಿನ ಕೆಳಗೆ ಬದನೆಕಾಯಿ, ಹೆಸರುಕಾಳು ತಿಂದುಕೊಂಡೇ ಇದ್ದಳು. ಬಂದಾಗ ಮುರುಕು ಹಿಂದಿ ಆಡುತ್ತಿದ್ದವಳು ಹೋಗುವಾಗ ನನಗಿಂತ ಶುದ್ಧ ಬೆಟಗೇರಿ ಮಾತಾಡುತ್ತಿದ್ದಳು. ಕಸ್ತೂರಿಗೆ ಡೆಂಗಿ ಬಂದು ಮಲಗಿದಾಗ ರಾತ್ರಿ ಪಾಳಿ ಮುಗಿಸಿ ಬಂದು ತಲೆದಿಂಬಿನ ಬಳಿ ಕೂತವಳೂ ಅವಳೇ. ನಮಗೆ ಮಕ್ಕಳಿಲ್ಲ. ಆ ಮಾತನ್ನು ಆಡುವ ಅಗತ್ಯ ಆಮೇಲೆ ಕಡಿಮೆಯಾಯಿತು.

ಮದುವೆಯಾಗಿ, ಹೆರಿಗೆಗೆಂದು ಖೋಲಿ ಬಿಟ್ಟು ತವರಿಗೆ ಹೋದ ಸುಜಾತಾ ಚಳಿಗಾಲದಲ್ಲಿ ಫೋನು ಮಾಡಿದಳು: "ಕಾಕಾ, ಕಾಕೂನ್ನ ಕರಕೊಂಡು ಬರ್ರಿ. ಕೂಸು ನೋಡ್ರಿ. ನಿಮಗ ಹಕ್ಕಿ ಬ್ಯಾರೆ ಅದಾವು." ನಾನು ಪಕ್ಷಿವೀಕ್ಷಕ ಎಂಬ ತಪ್ಪು ಕಲ್ಪನೆ ಅವಳಿಗಿತ್ತು, ಅದನ್ನು ಬಿತ್ತಿದವನು ನಾನೇ. ವರ್ಷಕ್ಕೊಮ್ಮೆ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹೋಗಿ, ಹಿಮಾಲಯ ದಾಟಿ ಬಂದ ಪಟ್ಟೆತಲೆ ಬಾತುಗಳನ್ನು ನೋಡಿ, ಬಂದವರಿಗೆಲ್ಲ ವರದಿ ಒಪ್ಪಿಸುವುದು ನನ್ನ ಚಟ. ನೋಡುವುದಕ್ಕಿಂತ ಹೇಳುವುದರಲ್ಲೇ ನನಗೆ ಸುಖ ಹೆಚ್ಚು.

ರೈಲು ಬದಲಿಸಿ, ಬಸ್ಸು ಹಿಡಿದು, ಕೊನೆಗೆ ಹಿನ್ನೀರನ್ನು ಯಂತ್ರದ ದೋಣಿಯಲ್ಲಿ ದಾಟಿ ಆ ಊರು ಮುಟ್ಟಿದೆವು. ಊರೆಂದರೆ ಮರಳು. ನಮ್ಮ ಕರಿಮಣ್ಣು ಕಾಲು ಹಿಡಿದುಕೊಂಡು ಬಿಡುವುದಿಲ್ಲ. ಈ ಮರಳು ಯಾರ ಕಾಲನ್ನೂ ನಿಲ್ಲಗೊಡುವುದಿಲ್ಲ. ಚಪ್ಪಲಿ ಕೈಗೆತ್ತಿಕೊಂಡು, ಧೋತರದ ಚುಂಗು ಹಿಡಿದು ನಾನು ನಡೆದ ರೀತಿಗೆ ಬಲೆ ಹೊಲಿಯುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಎಲ್ಲ ಅಂಗಳದಲ್ಲೂ ಮೀನು ಒಣಗುತ್ತಿತ್ತು. ಕಸ್ತೂರಿಯೂ ಮೂಗಿಗೆ ಸೆರಗು ಹಚ್ಚಿದ್ದಳು.

ಸುಜಾತಾಳ ಮನೆಯಂಗಳಕ್ಕೆ ಕಾಲಿಟ್ಟದ್ದೇ ಆಕೆ ಸೆರಗು ಇಳಿಸಿದಳು. ಆ ಮನೆಗೆ ಯಾವ ವಾಸನೆಯೂ ಇರಲಿಲ್ಲ. ಅಂಗಳ ಬರಿದಾಗಿತ್ತು, ಪಾತ್ರೆಗಳು ಹುಣಸೆಹಣ್ಣು ಕಂಡು ಹೊಳೆಯುತ್ತಿದ್ದವು, ಒಳಗೆ ಊದುಬತ್ತಿ ಉರಿಯುತ್ತಿತ್ತು. ಸುಜಾತಾಳ ತಾಯಿ ಮಂಗಮ್ಮ ಕಸ್ತೂರಿಯ ಎರಡೂ ಕೈ ಹಿಡಿದು ತೆಲುಗಿನಲ್ಲಿ ಏನೇನೋ ಹೇಳಿದಳು, ಕಸ್ತೂರಿ ಕನ್ನಡದಲ್ಲಿ ಏನೇನೋ ಹೇಳಿದಳು, ಇಬ್ಬರಿಗೂ ತೃಪ್ತಿಯಾಯಿತು. ಕೂಸು ಕಸ್ತೂರಿಯ ತೊಡೆಯೇರಿತು. ಊಟಕ್ಕೆ ತೊವ್ವೆ, ಬದನೆಕಾಯಿ ಪಲ್ಯ, ಮಜ್ಜಿಗೆ.

"ಎಷ್ಟು ಸ್ವಚ್ಛ ಇಟ್ಟಾರ ನೋಡ್ರಿ ಮನಿ," ಎಂದು ರಾತ್ರಿ ಕಸ್ತೂರಿ ಹೊಗಳಿದಳು.

ನಾನೂ ಹೌದೆಂದೆ. ನನಗೆ ಸೋಜಿಗವೆನಿಸಿದ್ದು ಒಂದೇ: ಸುಜಾತಾಳ ತಂದೆ ಪೋಲಯ್ಯ ಊಟದ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿದ್ದ. ಎಲೆ ಹಾಕುವ ಸುಳಿವು ಸಿಕ್ಕರೆ ಸಾಕು, ದೋಣಿಯ ಕಡೆ ಕೈ ತೋರಿಸಿ ಹೊರಟುಬಿಡುತ್ತಿದ್ದ. ಕಾಯಕನಿಷ್ಠೆ ಎಂದರೆ ಇದು ಎಂದು ನಾನು ಕಸ್ತೂರಿಗೆ ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ.

ಮರುದಿನ ಮುಂಜಾನೆ ದುರ್ಬೀನು ಕೊರಳಿಗೆ ಹಾಕಿಕೊಂಡು ಹಿನ್ನೀರಿನ ದಂಡೆಗೆ ಹೋದೆ. ಹಕ್ಕಿಗಳ ವಿಷಯದಲ್ಲಿ ಸುಜಾತಾ ಉತ್ಪ್ರೇಕ್ಷೆ ಮಾಡಿರಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ರಾಜಹಂಸಗಳು ದಿಗಂತದವರೆಗೆ ನಸುಗೆಂಪು ಗೆರೆಯಾಗಿ ನಿಂತಿದ್ದವು, ತಲೆಯನ್ನು ತಲೆಕೆಳಗು ಮಾಡಿ ಕೆಸರು ಸೋಸುತ್ತಿದ್ದವು. ಹೆಜ್ಜಾರ್ಲೆಗಳು ಚೀಲದಂಥ ಕೊಕ್ಕನ್ನು ಎದೆಗೊತ್ತಿಕೊಂಡು, ಸಂಬಳ ಬಂದ ದಿನದ ಗುಮಾಸ್ತರ ಹಾಗೆ ತೇಲುತ್ತಿದ್ದವು. ಹಂಸಗಳನ್ನು ಹಿಂಬಾಲಿಸುತ್ತ ದುರ್ಬೀನನ್ನು ಬಲಕ್ಕೆ ತಿರುಗಿಸಿದೆ. ತಾಳೆಮರ ಬಂತು, ಬೋರಲು ಹಾಕಿದ ದೋಣಿ ಬಂತು, ದೋಣಿಯ ಮರೆಯಲ್ಲಿ ಕೂತ ಪೋಲಯ್ಯ ಬಂದ. ಮುಂದೆ ಸ್ಟೀಲಿನ ತಾಟು, ತಾಟಿನಲ್ಲಿ ಅನ್ನ, ಅನ್ನದ ಮೇಲೆ ಕೆಂಪನೆಯ ಮೀನಿನ ಸಾರು. ಪಕ್ಕದಲ್ಲಿ ಅವನ ತಮ್ಮನ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಆತ ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದ.

ಮುಳ್ಳು ಉಗುಳಲು ತಲೆಯೆತ್ತಿದಾಗ ಅವನಿಗೆ ನನ್ನ ದುರ್ಬೀನು ಕಂಡಿತು. ಅಪ್ಪನ ಜೇಬಿಗೆ ಕೈ ಹಾಕಿ ಸಿಕ್ಕಿಬಿದ್ದ ಹುಡುಗನಂತೆ ಮೊದಲು ಹೆದರಿದ. ಆಮೇಲೆ ಮನೆಯ ಕಡೆ ತೋರಿಸಿ, ತುಟಿಯ ಮೇಲೆ ಬೆರಳಿಟ್ಟು, ಕೈ ಮುಗಿದ. ನಾನೂ ಕೈ ಮುಗಿದು, ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಆ ವಚನವನ್ನು ಮನೆ ಮುಟ್ಟುವವರೆಗೆ ನಿಷ್ಠೆಯಿಂದ ಪಾಲಿಸಿದೆ.

ಕಸ್ತೂರಿ ನಗುತ್ತಾಳೆ ಎಂದು ತಿಳಿದಿದ್ದೆ. ನಗಲಿಲ್ಲ. ಹೊಳೆಯುವ ಪಾತ್ರೆಗಳನ್ನು, ಬರಿದಾದ ಅಂಗಳವನ್ನು, ಊದುಬತ್ತಿಯನ್ನು ಮತ್ತೊಮ್ಮೆ ನೋಡಿದಳು. ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಸುಜಾತಾಳ ಮುಂದೆ ಹೋಗಿ ಕುಳಿತಳು.

"ಸುಜಾತಾ, ಖರೆ ಹೇಳು. ನಾವು ಬರ್ತೀವಂತ ಮನ್ಯಾಗ ಮೀನ ಮಾಡೂದು ಬಿಟ್ಟೀರಿ?"

ಸುಜಾತಾ ಕೂಸಿನ ಕಾಲು ನೀವುವುದನ್ನು ನಿಲ್ಲಿಸಲಿಲ್ಲ. "ಎರಡ ದಿನದ್ದ ಮಾತಲ್ರಿ ಕಾಕೂ. ನಿಮಗ ವಾಸನಿ ಆಗಂಗಿಲ್ಲ."

"ನಿಮ್ಮವ್ವ ಏನ ಉಂಡಾಳ?"

"ಉಂಡಾಳ ಒಂದೀಟು." ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ ಸೇರಿಸಿದಳು: "ಅವ್ವಗ ಮೀನ ಇಲ್ಲದ ಅನ್ನ ಇಳಿಯಂಗಿಲ್ರಿ. ಅದಕ್ಕ ಗದಗಿನಾಗ ಬ್ಯಾರೆ ಖೋಲಿ ನೋಡಾಕ ಹೇಳೀನಿ."

ಹೀಗೆ ಒಂದು ಮಾತು ಕೇಳಹೋಗಿ ಇನ್ನೊಂದು ಹೊರಬಿತ್ತು. ರಜೆ ಮುಗಿಯುತ್ತಿತ್ತು, ಸುಜಾತಾ ಕೆಲಸಕ್ಕೆ ಮರಳಬೇಕು. ಗಂಡನಿಗೆ ಚೆನ್ನೈ ಬಂದರಿನಲ್ಲಿ ಉದ್ಯೋಗ, ಅವನು ಬರುವಂತಿಲ್ಲ. ಕೂಸು ನೋಡಿಕೊಳ್ಳಲು ಮಂಗಮ್ಮನೇ ಜೊತೆಗೆ ಬರುವವಳಿದ್ದಳು. ನಮ್ಮ ಮಾಳಿಗೆಯ ಖೋಲಿಗೆ ಹೊಸಬರನ್ನು ಹಾಕದೆ, ಇವಳಿಗೆಂದೇ ಕಸ್ತೂರಿ ಖಾಲಿ ಇಟ್ಟಿದ್ದಳು. ಗೋಡೆಗೆ ಸುಣ್ಣವನ್ನೂ ಹೊಡೆಸಿದ್ದಳು.

"ನನಗ ಒಂದ ಮಾತ ಹೇಳಲಿಲ್ಲ ನೀ," ಎಂದಳು ಕಸ್ತೂರಿ.

"ಹ್ಯಾಂಗ ಹೇಳ್ಲಿ? ನಾ ಬಿಟ್ಟಿದ್ದೆ, ನನಗೇನ ತ್ರಾಸ ಆಗಲಿಲ್ಲ. ಆಕಿಗೆ ಈ ವಯಸ್ಸಿನಾಗ ಬಿಡು ಅನ್ನಾಕ ನನಗ ಆಗಂಗಿಲ್ಲ. ನಿಮಗ ಕರಾರ ಮುರೀರಿ ಅನ್ನಾಕೂ ಆಗಂಗಿಲ್ಲ."

ಅವಳ ಮಾತಿನಲ್ಲಿ ದೂರಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ವಿಷಯ ತಿಳಿಸುವ ಸಮಾಧಾನವಿತ್ತು. ಅದೇ ನಮ್ಮನ್ನು ಹೆಚ್ಚು ನೋಯಿಸಿತು. ಕಸ್ತೂರಿ ಎದ್ದು ಸಮುದ್ರದ ಕಡೆ ಒಬ್ಬಳೇ ಹೋದಳು. ಸಮುದ್ರ ನೋಡುವ ಆಸೆ ಆಕೆಗೆ ಮದುವೆಯ ಕಾಲದಿಂದ ಇತ್ತು. ಈಗ ಅಲೆಗಳಿಗೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ ಮರಳಿನ ಮೇಲೆ ಕುಳಿತುಬಿಟ್ಟಳು. ದೂರದಿಂದ ನೋಡುತ್ತಿದ್ದ ನಾನು ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ.

ಬಿಸಿಲೇರಿದ ಮೇಲೆ ತಿರುಗಿ ಬಂದವಳು ನೇರ ಅಡುಗೆಮನೆಗೆ ಹೋದಳು. ಬದನೆಕಾಯಿ ಹೆಚ್ಚುತ್ತಿದ್ದ ಮಂಗಮ್ಮನ ಮುಂದಿನ ಈಳಿಗೆಮಣೆ ಸರಿಸಿದಳು.

"ಸುಜಾತಾ, ನಿಮ್ಮವ್ವಗ ಹೇಳು. ಇವತ್ತ ಈ ಒಲಿ ಮ್ಯಾಲ ಮೀನ ಆಗಬೇಕು. ನಿಮ್ಮಪ್ಪಗ ಮನ್ಯಾಗ ಕುಂತು ಉಣ್ಣಾಕ ಹೇಳು."

"ಕಾಕೂ, ನಿಮಗ ಆಗಂಗಿಲ್ಲ..."

"ಮೂಗ ನಂದು. ಅದನ್ನ ನಾ ಸಂಭಾಳಿಸಿಕೊಂತೀನಿ. ನೀ ಹೇಳು."

ಸುಜಾತಾ ತೆಲುಗಿನಲ್ಲಿ ಹೇಳಿದಳು. ಮಂಗಮ್ಮ ನಂಬಲಿಲ್ಲ, ಮಗಳ ಮುಖ ನೋಡಿದಳು, ಕಸ್ತೂರಿಯ ಮುಖ ನೋಡಿದಳು, ಕೊನೆಗೆ ನನ್ನ ಮುಖವನ್ನೂ ನೋಡಿದಳು. ನಾನು ಗಂಭೀರವಾಗಿ ತಲೆಯಾಡಿಸಿದೆ, ನನ್ನ ಅಪ್ಪಣೆಯಿಂದಲೇ ಎಲ್ಲ ನಡೆದಿದೆ ಎಂಬಂತೆ. ಆಕೆ ಎದ್ದು ಓಡಿದ ವೇಗಕ್ಕೆ ಮರಳು ಹಾರಿತು.

ಮೀನು ಬಂತು, ಹುಳಿ ಹಿಂಡಿದರು, ಒಗ್ಗರಣೆ ಬಿತ್ತು. ಸುಳ್ಳು ಹೇಳುವುದಿಲ್ಲ, ಕಸ್ತೂರಿಗೆ ಕಷ್ಟವಾಯಿತು. ಕಣ್ಣಲ್ಲಿ ನೀರು ಬಂತು. ಎರಡು ಸಲ ಅಂಗಳಕ್ಕೆ ಹೋಗಿ ಗಾಳಿ ಕುಡಿದು ಬಂದಳು. ಮೂರನೆಯ ಸಲ ಹೋಗಲಿಲ್ಲ. ಬುತ್ತಿಯಲ್ಲಿ ಉಳಿದಿದ್ದ ಕಟಿರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ತಟ್ಟೆಗೆ ಹಾಕಿಕೊಂಡು, ಸಾಲಿನಲ್ಲಿ ಮಂಗಮ್ಮನ ಮಗ್ಗುಲಿಗೇ ಕುಳಿತಳು. ಪೋಲಯ್ಯ ಬಂದು ಸಂಕೋಚದಿಂದ ಮೂಲೆಯಲ್ಲಿ ಕೂತ. ನಮ್ಮ ತಟ್ಟೆಗೆ ಮೀನು ಬೀಳಲಿಲ್ಲ, ಅವರ ತಟ್ಟೆಯಿಂದ ಏಳಲಿಲ್ಲ. ಪೋಲಯ್ಯ ಒಂದು ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿಂದು, ಮಗಳಿಗೆ ಏನೋ ಹೇಳಿದ.

"ಅಪ್ಪ ಇನ್ನೊಂದ ಕೇಳಾಕತ್ತಾನ್ರಿ," ಎಂದಳು ಸುಜಾತಾ.

ಕಸ್ತೂರಿ ಎರಡು ಹಾಕಿದಳು. ಕೈ ತೊಳೆದು ಬಂದ ಮೇಲೆ ಅವಳೇ ಮಾತು ತೆಗೆದಳು: "ಬ್ಯಾರೆ ಖೋಲಿ ನೋಡಬ್ಯಾಡ. ಮ್ಯಾಲಿಂದು ಹಂಗ ಐತಿ. ನಿಮ್ಮವ್ವ ಏನ ಉಣ್ತಾಳ ಅದನ್ನ ಮಾಡಲಿ. ಕಿಡಕಿ ಅಷ್ಟ ತಗದ ಇಡ್ರಿ."

ಸುಜಾತಾ ಕೂಸನ್ನು ಎತ್ತಿ ಕಸ್ತೂರಿಯ ತೊಡೆಯ ಮೇಲೆ ಹಾಕಿ ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಮಂಗಮ್ಮ ಮಾತ್ರ, ಮಗಳು ತಿರುಗಿ ಬಂದ ಮೇಲೆ, ಬಹು ಮುಖ್ಯವಾದ ಒಂದು ಪ್ರಶ್ನೆ ಕೇಳಿಸಿದಳು: ಅಷ್ಟು ದೂರದ ಒಣ ಊರಿನಲ್ಲಿ ಮೀನು ಎಲ್ಲಿ ಸಿಗುತ್ತದೆ? ಕಸ್ತೂರಿ ನನ್ನನ್ನು ನೋಡಿದಳು. ಹುಟ್ಟಿದ ಊರಿನ ಇತಿಹಾಸವನ್ನು ಚಾಲುಕ್ಯರ ಕಾಲದಿಂದ ಬಲ್ಲ ನನಗೆ ಅದರ ಮೀನಿನ ಅಂಗಡಿ ಎಲ್ಲಿದೆ ಎಂದು ಗೊತ್ತಿರಲಿಲ್ಲ.

ಈಗ ಗೊತ್ತಿದೆ. ಮಂಗಮ್ಮನಿಗೆ ಕನ್ನಡ ಬಾರದು, ಆದ್ದರಿಂದ ರವಿವಾರ ಮುಂಜಾನೆ ಚೀಲ ಹಿಡಿದು ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂದಿದೆ. ಆಕೆ ಕಿವಿರು ಎತ್ತಿ ನೋಡಿ, ಮೂಸಿ, ಬೇಡವೆಂದು ಸರಿಸುತ್ತಾಳೆ. ನಾನು ಆ ತಿರಸ್ಕಾರವನ್ನು ಆದಷ್ಟು ಸೌಮ್ಯವಾದ ಕನ್ನಡಕ್ಕೆ ಅನುವಾದಿಸುತ್ತೇನೆ. ಮೊದಲ ವಾರ ಅಂಗಡಿಯವನು ನನ್ನನ್ನು ಗುರುತಿಸಿದ. ಹಿಂದೊಮ್ಮೆ ನನ್ನ ತರಗತಿಯಲ್ಲಿ ಕೂತವನು. ಕತ್ತಿ ಹಿಡಿದ ಕೈ ಅಲ್ಲೇ ನಿಂತಿತು.

"ಸರ್, ನೀವು? ಯಾರ ಮನಿಗ್ರಿ ಇದು?"

ಪಕ್ಕದಲ್ಲಿ ಮಂಗಮ್ಮ ಸೆರಗು ಬಿಗಿದು, ಇನ್ನೂ ದೊಡ್ಡದಕ್ಕೆ ಬೆರಳು ತೋರಿಸುತ್ತಿದ್ದಳು.

"ನಮ್ಮ ಮನಿಗೇ," ಎಂದೆ.