ಮುಚ್ಚಳದಕ್ಕನ ಹದಿನಾರಾಣೆ ಕೆಂಪು

ಬೆಳಕು ಇನ್ನೂ ಕಿಟಕಿಯ ಸರಳಿನಾಚೆಯೇ ನಿಂತಿದೆ. ಕಣ್ಣಾಸ್ಪತ್ರೆಯ ಮೂರನೇ ಮಹಡಿಯ ವಾರ್ಡಿನಲ್ಲಿ ನರ್ಸಮ್ಮ ಕೈ ತೊಳೆದು, ಜೇಬಿನಿಂದ ಕೆಂಪು ಮುಚ್ಚಳವೊಂದನ್ನು ತೆಗೆಯುತ್ತಾರೆ. ಕಣ್ಣಿಗೆ ಹಾಕುವ ಹನಿಮದ್ದಿನ ಬಾಟಲಿಯದು, ಹೆಬ್ಬೆರಳಿನ ಉಗುರಿನಷ್ಟಿದೆ. ಅದರಿಂದಾಗಿಯೇ ಇಡೀ ಆಸ್ಪತ್ರೆಗೆ ಅವರು ‘ಮುಚ್ಚಳದಕ್ಕ’. ಈಗ ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುವುದು ಅನುಮಾನ. ಅವರ ಬಗ್ಗೆ ಬರೆಯಲೆಂದು ನಾನು ರಾತ್ರಿಯಿಂದ ಜೊತೆಗಿದ್ದೇನೆ.

ಕಿಟಕಿ ಪಕ್ಕದ ಮಂಚದಲ್ಲಿ ಬಸ್ ಡ್ರೈವರ್. ನಿನ್ನೆ ಅವರ ಎಡಗಣ್ಣಿನ ಹಿಂದಿನಿಂದ ಗಂಟೊಂದನ್ನು ತೆಗೆದಿದ್ದಾರೆ. ಕಾಲ ಬಳಿ ಸ್ಟೂಲಿನ ಮೇಲೆ ಹೆಂಡತಿ ಕೂತಿದ್ದಾರೆ. ಕಣ್ಣು ಉಳಿದರೆ ಸ್ಟೀರಿಂಗ್, ಇಲ್ಲದಿದ್ದರೆ ಡಿಪೋದ ಕುರ್ಚಿ ಎಂಬುದು ಇಬ್ಬರಿಗೂ ಗೊತ್ತು.

ಎಲ್ಲ ಶುರುವಾಗಿದ್ದು ಲೈಸೆನ್ಸಿಗೆಂದು ತೆಗೆಸಿದ ಫೋಟೋದಿಂದ. “ಇದೇನ್ರೀ, ಈ ಕಣ್ಣು ಜಗಳಕ್ಕೆ ಬಂದ ಹಾಗೆ ಮುಂದೆ ಬಂದಿದೆ?” ಎಂದಿದ್ದರು ಹೆಂಡತಿ. ನೋವಿಲ್ಲ, ಉರಿಯಿಲ್ಲ, ಡ್ರೈವರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಎದುರಿನ ಒಂದು ಲಾರಿ ಎರಡಾಗಿ ಕಂಡ ದಿನ ಮಾತ್ರ ಬಸ್ಸನ್ನು ಬದಿಗೆ ನಿಲ್ಲಿಸಿ ಆಸ್ಪತ್ರೆಗೆ ಬಂದರು. ಸ್ಕ್ಯಾನ್ ಮಾಡಿದರೆ, ಕಣ್ಣಿನ ಹಿಂದಿನ ಸಣ್ಣ ನರವೊಂದರ ಹೊದಿಕೆಯಲ್ಲಿ ಹುಟ್ಟಿ ಸದ್ದಿಲ್ಲದೆ ಬೆಳೆದ ಗಂಟು. ಗಂಟು ಎಂದ ಕೂಡಲೇ ದಂಪತಿ ಕ್ಯಾನ್ಸರ್ ಎಂದುಕೊಂಡು ಅಳುತ್ತಾ ಕೂತರು.

“ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ? ಗಂಟು ಕೆಟ್ಟದ್ದಲ್ಲಮ್ಮ, ಕೂತಿರೋ ಜಾಗ ಕೆಟ್ಟದ್ದು,” ಎಂದು ಅವರನ್ನು ಎಬ್ಬಿಸಿದ್ದು ಮುಚ್ಚಳದಕ್ಕ. “ಚಿಕ್ಕದಾಗಿದ್ದಿದ್ರೆ ಆಗಾಗ ಸ್ಕ್ಯಾನ್ ಮಾಡಿ ನೋಡ್ಕೊಂಡು ಸುಮ್ನಿರ್ತಿದ್ರು. ಇದು ನೋಟದ ನರಾನೇ ಒತ್ತಿದೆ.”

ನರ ಒತ್ತಿಕೊಂಡರೆ ಮೊದಲು ಮಂಕಾಗುವ ಬಣ್ಣ ಸಾಮಾನ್ಯವಾಗಿ ಕೆಂಪು. ಮುಚ್ಚಳ ಇರುವುದು ಅದಕ್ಕೇ. ಒಳ್ಳೆಯ ಕಣ್ಣಿಗೆ ತೋರಿಸಿ “ಇದು ಹದಿನಾರಾಣೆ ಕೆಂಪು” ಎನ್ನುತ್ತಾರೆ, ಇನ್ನೊಂದಕ್ಕೆ ತೋರಿಸಿ “ಇಲ್ಲಿ ಎಷ್ಟಾಣೆ?” ಆಣೆಯ ಮುಖ ಕಾಣದ ಹುಡುಗರಿಗೆ ನೂರಕ್ಕೆ ಎಷ್ಟು ಎಂದು ಕೇಳುತ್ತಾರೆ. ಆಪರೇಷನ್ನಿಗೆ ಮುಂಚೆ ಡ್ರೈವರ್ ಹೇಳಿದ್ದು ಆರಾಣೆ. “ಒಗೆದೂ ಒಗೆದೂ ಬಣ್ಣ ಬಿಟ್ಟ ಬಟ್ಟೆ ಥರ ಕಾಣ್ತದೆ,” ಎಂದಿದ್ದರು.

ರೆಪ್ಪೆಯ ಮಡಿಕೆಯಲ್ಲಿ ಕೊಯ್ದು ಗಂಟನ್ನು ಇಡಿಯಾಗಿ ತೆಗೆದ ವೈದ್ಯೆ ಹೇಳುತ್ತಾರೆ: “ಆಪರೇಷನ್ ಆದ್ಮೇಲೆ ಒಳಗೆ ರಕ್ತ ತುಂಬಿ ನರ ಒತ್ತಿದ್ರೆ ಕಣ್ಣೇ ಹೋಗಬಹುದು. ಅಕ್ಕ ಡ್ಯೂಟಿಲಿದ್ರೆ ನಾನು ಮನೇಲಿ ನಿದ್ದೆ ಮಾಡ್ತೀನಿ.”

ಅಕ್ಕನಿಗೆ ಈ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ. ಸೊಂಟ ಹಿಡಿದುಕೊಳ್ಳುತ್ತದೆ, ಮಗಳ ಶಾಲೆಯ ಸಭೆಗಳು ತಪ್ಪಿಹೋಗಿವೆ. “ಅಮ್ಮ ಟೊಮೆಟೊ ಆರಿಸೋವಾಗಲೂ ಒಂದು ಕಣ್ಣು ಮುಚ್ಕೋತಾಳೆ, ಅಂಗಡಿಯವನು ಕಣ್ಣು ಹೊಡೆದಳು ಅಂದ್ಕೊಂಡ,” ಎಂದು ಮಗಳು ಕಾಲೆಳೆಯುತ್ತಾಳೆ. ಅಕ್ಕ ನಗುತ್ತಾರೆ, ಅಲ್ಲಗಳೆಯುವುದಿಲ್ಲ.

ಈಗ ಅವರು ಊದಿದ ರೆಪ್ಪೆಯನ್ನು ಮೆಲ್ಲಗೆ ಎತ್ತಿ ಮುಚ್ಚಳ ಹಿಡಿಯುತ್ತಾರೆ. ಡ್ರೈವರ್ ಬಲಗಣ್ಣನ್ನು ಬೆರಳುಗಳಿಂದ ಮುಚ್ಚಿಕೊಂಡು, ಪ್ರಶ್ನೆ ಮುಗಿಯುವ ಮೊದಲೇ ಕೂಗುತ್ತಾರೆ: “ಹದಿನಾರಾಣೆ!”

ಹೆಂಡತಿಯ ಮುಖ ಅರಳುತ್ತದೆ. ಅಕ್ಕನದು ಅರಳುವುದಿಲ್ಲ.

“ಬೆರಳಲ್ಲ ಅಣ್ಣ, ಅಂಗೈ. ಸಂದೀಲಿ ಇಣುಕಿ ಪಾಸಾಗೋಕೆ ಇದೇನು ಪರೀಕ್ಷೆನಾ?”

“ಪೂರ್ತಿ ಅಂದ್ರೆ ಬೇಗ ಮನೆಗೆ ಕಳಿಸ್ತೀರಿ ಅಂತ...” ಡ್ರೈವರ್ ತೊದಲುತ್ತಾರೆ.

“ನೀವು ಸುಳ್ಳು ಹೇಳಿದ್ರೆ ನಾನು ಏನನ್ನ ಕಾಯ್ಲಿ?” ಅಕ್ಕ ತಮ್ಮದೇ ಅಂಗೈಯನ್ನು ಅವರ ಬಲಗಣ್ಣಿಗೆ ಒತ್ತಿ ಹಿಡಿಯುತ್ತಾರೆ. ಮುಚ್ಚಳ ಮತ್ತೆ ಮೇಲೇಳುತ್ತದೆ. ಡ್ರೈವರ್ ಅದನ್ನೇ ದಿಟ್ಟಿಸುತ್ತಾರೆ. ಹೆಂಡತಿ ಸ್ಟೂಲಿನಿಂದ ಅರ್ಧ ಎದ್ದು ನಿಂತಿದ್ದಾರೆ.

“ಹತ್ತಾಣೆ,” ಎನ್ನುತ್ತಾರೆ ಕೊನೆಗೆ, ಸೋತವರ ದನಿಯಲ್ಲಿ. “ಅಷ್ಟೇ ಅಕ್ಕ.”

“ಅಷ್ಟೇ ಅಂತೀರಲ್ಲ ಮಾರಾಯ್ರೇ! ಮೊನ್ನೆ ಆರಿತ್ತು!” ಅಕ್ಕನ ನಗು ಈಗ ಹೊರಬೀಳುತ್ತದೆ. “ನರ ಉಸಿರಾಡ್ತಿದೆ. ಮಿಕ್ಕಿದ್ದು ನಿಧಾನಕ್ಕೆ ಬರುತ್ತೆ.” ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತಾರೆ. ಈ ಅಳು ಬೇರೆಯದೇ.

ಡ್ಯೂಟಿ ಮುಗಿಸಿ ಅಕ್ಕ ಮೆಟ್ಟಿಲಿಳಿಯುತ್ತಾರೆ, ನಾನೂ ಜೊತೆಗೆ. ಅವರು ಮನೆಗೆ ಹೋಗುವುದು ಇದೇ ಡ್ರೈವರಿನ ಮಾರ್ಗದ ಬಸ್ಸಿನಲ್ಲಂತೆ. ಮುಂದೊಂದು ದಿನ ನೀವು ಅವರ ಬಸ್ಸು ಹತ್ತಿದಾಗ ಡ್ರೈವರ್ ನಿಮ್ಮ ಗುರುತು ಹಿಡಿಯುತ್ತಾರೆಯೇ ಎಂದು ಕೇಳುತ್ತೇನೆ.

ಅಕ್ಕ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ಮುಚ್ಚಳ ಇದೆ.

“ನನ್ನ ಗುರುತು ಸಿಗ್ದೇ ಇದ್ರೂ ಪರವಾಗಿಲ್ಲ. ಸಿಗ್ನಲ್ಲಿನ ಕೆಂಪು ಸಿಕ್ರೆ ಸಾಕು.”